ಗಡಿಯಲ್ಲಿ ನಿಲ್ಲುವ ನೆರವು: ಕನ್ನಡ ಚಲನಚಿತ್ರ ಮತ್ತು ನಮ್ಮ ಶಾಲೆಯ ಮಕ್ಕಳು

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈಚೆಗೆ ನೋಡಿದ ಚಲನಚಿತ್ರ ಯಾವುದೆಂದು ಮಕ್ಕಳನ್ನು ಕೇಳಿದರೆ ನಮಗೆ ದೊರೆಯುವ ಉತ್ತರ ಬಹುತೇಕ ತೆಲುಗು ಚಿತ್ರದ ಹೆಸರೇ. ಅದರಲ್ಲಿ ತಪ್ಪೇನೂ ಇಲ್ಲ. ತೆಲುಗು ನಮ್ಮ ನೆರೆಹೊರೆಯ ಭಾಷೆ. ನಾಳೆ ಮಕ್ಕಳ ಬದುಕಿಗೆ ಬೇಕಾದ ಭಾಷೆ. ಆದರೆ ಪಠ್ಯಪುಸ್ತಕದ ಹೊರಗೆ ಕನ್ನಡವನ್ನು ಕೇಳುವ ಅವಕಾಶವೇ ಇಲ್ಲದಿದ್ದರೆ ಅದು ಮಕ್ಕಳ ಪಾಲಿಗೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ. ಕನ್ನಡ ಚಿತ್ರಗಳಿಗೆ ಸಾರ್ವಜನಿಕ ಹಣದಿಂದ ನೆರವು ಸಲ್ಲುತ್ತಿರುವಾಗ ಅದರ ಫಲ ನಮ್ಮ ಮಕ್ಕಳನ್ನು ಏಕೆ ತಲುಪುತ್ತಿಲ್ಲ ಎಂಬುದನ್ನು ಪೋಷಕರು ಅರಿಯಬೇಕು.

ನೆರವು ಏಕೆ ಬೇಕು?

ಚಿತ್ರವೊಂದನ್ನು ತಯಾರಿಸುವ ವೆಚ್ಚ ನೋಡುಗರ ಸಂಖ್ಯೆಯನ್ನು ಅವಲಂಬಿಸಿರುವುದಿಲ್ಲ. ದೊಡ್ಡ ಮಾರುಕಟ್ಟೆಯುಳ್ಳ ಭಾಷೆಯಲ್ಲಿ ಆ ವೆಚ್ಚ ಬೇಗ ಹಿಂದಿರುಗುತ್ತದೆ; ಸಣ್ಣ ಭಾಷೆಯಲ್ಲಿ ಹಿಂದಿರುಗದೆಯೂ ಹೋಗಬಹುದು. ಈ ಕಾರಣಕ್ಕಾಗಿಯೇ ಅನೇಕ ದೇಶಗಳು ತಮ್ಮ ಚಿತ್ರರಂಗವನ್ನು ಪೋಷಿಸುತ್ತವೆ. ಫ್ರಾನ್ಸಿನಲ್ಲಿ ಪ್ರತಿ ಟಿಕೆಟಿನ ಬೆಲೆಯಲ್ಲಿ ಶೇ. 10.72 ಭಾಗ ಚಲನಚಿತ್ರ ನಿಧಿಗೆ ಸೇರುತ್ತದೆ. ಹಾಲಿವುಡ್ ಚಿತ್ರದ ಟಿಕೆಟಿಗೂ ಇದೇ ನಿಯಮ. ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯವನ್ನು ರಕ್ಷಿಸುವ ಯುನೆಸ್ಕೋದ 2005ರ ಒಪ್ಪಂದಕ್ಕೆ ಭಾರತವೂ ಬದ್ಧವಾಗಿದೆ.

ನಮ್ಮ ದೇಶದಲ್ಲಿ 1955ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆ, 1960ರಲ್ಲಿ ಚಲನಚಿತ್ರ ಹಣಕಾಸು ನಿಗಮ, 1975ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಸ್ಥಾಪನೆಯಾದವು. 2022ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆಯನ್ನು ಈ ರಾಷ್ಟ್ರೀಯ ನಿಗಮದಲ್ಲಿಯೇ ವಿಲೀನಗೊಳಿಸಲಾಯಿತು.

ಕರ್ನಾಟಕ ನಡೆದ ಹಾದಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮುಂದೆ ದೀರ್ಘಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿದ್ದವು. ಚಿತ್ರೋದ್ಯಮವನ್ನು ರಾಜ್ಯದಲ್ಲಿ ನೆಲೆಗೊಳಿಸಲು 1960ರ ದಶಕದಲ್ಲಿ ಸರ್ಕಾರ ಸಹಾಯಧನವನ್ನು ಆರಂಭಿಸಿತು. ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯಿಂದ ವಿನಾಯಿತಿಯೂ ದೊರೆಯಿತು; 2017ರಲ್ಲಿ ಜಿಎಸ್‌ಟಿ ಜಾರಿಯಾದ ಬಳಿಕ ಆ ವ್ಯವಸ್ಥೆ ಬದಲಾಯಿತು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಚಿತ್ರಗಳು ಸ್ವರ್ಣ ಕಮಲ ಪಡೆದದ್ದು ಸಹಾಯಧನ ಆರಂಭವಾದ ನಂತರದ ವರ್ಷಗಳಲ್ಲಿ. ಸಹಾಯಧನವೊಂದೇ ಅದಕ್ಕೆ ಕಾರಣವಲ್ಲ. ಆದರೂ ಮಾರುಕಟ್ಟೆಯನ್ನು ಮಾತ್ರ ನಂಬಿ ಅಂತಹ ಚಿತ್ರಗಳ ಪರಂಪರೆ ಬೆಳೆಯುವುದು ಕಷ್ಟ. ಇಂದು ತುಳು, ಕೊಡವ, ಕೊಂಕಣಿ, ಬ್ಯಾರಿ, ಬಂಜಾರ ಭಾಷೆಗಳ ಚಿತ್ರಗಳೂ ಕರ್ನಾಟಕದ ಸಹಾಯಧನದ ವ್ಯಾಪ್ತಿಯಲ್ಲಿವೆ. ನಮ್ಮ ಭಾಗದ ತಾಂಡಾಗಳ ಕುಟುಂಬಗಳು ಈ ಅಂಶವನ್ನು ಗಮನಿಸಬೇಕು.

ಗಡಿಯ ಈಚೆ

1956ರ ನವೆಂಬರ್ 1ಕ್ಕೆ ಮುನ್ನ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿಯೂ, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಆದರೆ ಕರ್ನಾಟಕದ ಸಹಾಯಧನ ಸಲ್ಲುವುದು ನಿರ್ಮಾಪಕರಿಗೆ. ಚಿತ್ರಮಂದಿರಗಳಿಗೆ ಸಂಬಂಧಿಸಿದ ಅಲ್ಲಿನ ನಿಯಮಗಳು ಅನ್ವಯಿಸುವುದು ಆ ರಾಜ್ಯದೊಳಗೆ. ಹೊರನಾಡಿನ ಕನ್ನಡ ಪ್ರೇಕ್ಷಕ ಈ ಎರಡರ ಲೆಕ್ಕಕ್ಕೂ ಬರುವುದಿಲ್ಲ.

2018ರಲ್ಲಿ ತೆರೆಕಂಡ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನೆನೆಯೋಣ. ಕೇರಳದ ಗಡಿಯಲ್ಲಿ ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕಥೆಯದು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದು ನಮ್ಮ ಶಾಲೆಗಳ ಕಥೆಯೂ ಹೌದು. ತಮ್ಮಂತಹ ಮಕ್ಕಳು ಇನ್ನೊಂದು ಗಡಿಯಲ್ಲಿಯೂ ಇದ್ದಾರೆಂಬ ಅರಿವು ನಮ್ಮ ಮಕ್ಕಳಿಗೆ ನೀಡುವ ಧೈರ್ಯವನ್ನು ಯಾವ ಪಾಠವೂ ನೀಡಲಾರದು.

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಸಹಾಯಧನ ಪಡೆದ ಮಕ್ಕಳ ಚಿತ್ರಗಳನ್ನು ಬಿಡುಗಡೆಯ ನಂತರದ ನಿಗದಿತ ಅವಧಿ ಕಳೆದ ಮೇಲೆ ಹೊರನಾಡ ಕನ್ನಡ ಶಾಲೆಗಳಲ್ಲಿ ಉಚಿತವಾಗಿ ಪ್ರದರ್ಶಿಸಲು ಅನುಮತಿ ಇರಬೇಕು. ಎರಡನೆಯದಾಗಿ, ಕರ್ನಾಟಕ ಸರ್ಕಾರ 2025ರ ಮಾರ್ಚ್ ಬಜೆಟ್ಟಿನಲ್ಲಿ ಘೋಷಿಸಿದ ಒಟಿಟಿ ವೇದಿಕೆ ನಮ್ಮ ಶಾಲೆಗಳಿಗೂ ಶುಲ್ಕವಿಲ್ಲದೆ ದೊರೆಯಬೇಕು. ಮೂರನೆಯದಾಗಿ, ತೆಲಂಗಾಣ ಸರ್ಕಾರವು ತನ್ನ ಚಲನಚಿತ್ರ ಪ್ರೋತ್ಸಾಹದಲ್ಲಿ ಇಲ್ಲಿನ ಕನ್ನಡ, ಉರ್ದು, ಮರಾಠಿ, ಲಂಬಾಣಿ ಭಾಷೆಗಳಿಗೂ ಸ್ಥಾನ ಕಲ್ಪಿಸಬೇಕು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಸೂಚಿಸುತ್ತದೆ. ಶಾಲೆಯಲ್ಲಿ ತಿಂಗಳಿಗೊಂದು ಕನ್ನಡ ಚಿತ್ರ ತೋರಿಸುವುದು ಆ ಆಶಯಕ್ಕೆ ಪೂರಕವೇ ಆಗಿದೆ.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಿಲ್ಲ. ದೂರದರ್ಶನದ ಚಂದನ ವಾಹಿನಿ ಡಿಡಿ ಫ್ರೀ ಡಿಶ್‌ನಲ್ಲಿ ಮಾಸಿಕ ಶುಲ್ಕವಿಲ್ಲದೆ ಲಭ್ಯವಿದೆ. ಅದೂ ಸಾರ್ವಜನಿಕ ಹಣದಿಂದಲೇ ನಡೆಯುವ ವಾಹಿನಿ. ವಾರಕ್ಕೊಮ್ಮೆ ಮಕ್ಕಳೊಡನೆ ಕುಳಿತು ನೋಡಿರಿ, ನೋಡಿದ್ದನ್ನು ಕನ್ನಡದಲ್ಲಿಯೇ ಹೇಳಿಸಿರಿ. ಮುಂದಿನ ಪೋಷಕರ ಸಭೆಯಲ್ಲಿ ಮೇಲಿನ ಮೂರು ಬೇಡಿಕೆಗಳನ್ನು ಠರಾವಾಗಿ ಬರೆದು ಸಹಿ ಹಾಕಿರಿ. ಮನವಿಯನ್ನು ಎರಡೂ ಸರ್ಕಾರಗಳಿಗೆ ತಲುಪಿಸುವ ಹೊಣೆಯನ್ನು ಶಿಕ್ಷಕರಾದ ನಾವು ಹೊರುತ್ತೇವೆ.