ಹೂವಿಲ್ಲದ ಆರ್ಕಿಡ್ ಗಿಡವನ್ನು ಗುರುತಿಸುವುದು: ಕಮಲಾಪುರದ ಒಂದು ಅಭ್ಯಾಸ ಪಾಠ

ಬಿ.ಇಡಿ. ಇಂಟರ್ನ್‌ಶಿಪ್‌ಗಾಗಿ ನಾನು ಕಲಬುರಗಿಯಿಂದ ಕಮಲಾಪುರದ ಒಂದು ಪ್ರೌಢಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಡಿಸೆಂಬರ್‌ನಲ್ಲಿ ಒಂಬತ್ತನೆಯ ತರಗತಿಗೆ ಸಸ್ಯಗಳ ವರ್ಗೀಕರಣದ ಪಾಠ ನನ್ನ ಪಾಲಿಗೆ ಬಂತು. ಏಕದಳ ಸಸ್ಯಕ್ಕೆ ಎಲ್ಲರೂ ಕೊಡುವ ಜೋಳ, ಬಾಳೆಯ ಉದಾಹರಣೆ ಬಿಟ್ಟು ಬೇರೇನಾದರೂ ತೋರಿಸಬೇಕೆಂಬ ಆಸೆ ನನಗಿತ್ತು. ಶಾಲೆಯ ಹಿಂದಿನ ಹೊಲದ ಬದುವಿನಲ್ಲಿ ಹಳೆಯ ಮಾವಿನ ಮರದ ಕೊಂಬೆಯೊಂದು ಮುರಿದು ಬಿದ್ದಿತ್ತು. ಅದರ ಮೇಲೆ ದಪ್ಪ ಎಲೆಗಳ, ಬಿಳಿ ಬೇರುಗಳ ಗಿಡವೊಂದು ಅಂಟಿಕೊಂಡಿತ್ತು. ಹೂವಿರಲಿಲ್ಲ.

ಮೊಬೈಲಿನಲ್ಲಿ ಚಿತ್ರ ತೆಗೆದು ಸಸ್ಯಗಳನ್ನು ಗುರುತಿಸುವ ಆಪ್ ಒಂದರಲ್ಲಿ ಹುಡುಕಿದೆ. ಅದು ಮೊದಲು ತೋರಿಸಿದ ಹೆಸರು ಮಲೆನಾಡಿನ ಸೀತಾಳೆ ದಂಡೆಯದ್ದು. ಗಿಡದ ಎಲೆಗಳ ನಡುವೆ ಒಂದು ಒಣ ಕಡ್ಡಿ ನೆಟ್ಟಗೆ ನಿಂತಿತ್ತು. ಆ ಹೆಸರನ್ನು ಚೀಟಿಯಲ್ಲಿ ಬರೆದು ಅದೇ ಕಡ್ಡಿಗೆ ಕಟ್ಟಿ ತರಗತಿಗೆ ಒಯ್ದೆ. ಮಕ್ಕಳೆಲ್ಲ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಮೇಡಂರಿ, ಇದು ಬದನಿಕಿ ಅಲ್ಲೇನ್ರಿ? ಹೂವೇ ಇಲ್ಲ, ಹೆಸರು ಹ್ಯಾಂಗ ಗೊತ್ತಾತ್ರಿ?"

"ಆಪ್ ಹೇಳಿತು" ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: "ಹೆಸರಿಗೆ ಆಧಾರವೇನು?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನು, ಮತ್ತೆ ಅದೇ ತರಗತಿಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಹೂವೇ ಏಕೆ ಬೇಕು?

1753ರಲ್ಲಿ ಲಿನ್ನೇಯಸ್ ಸಸ್ಯಗಳನ್ನು ವಿಂಗಡಿಸಿದ್ದು ಹೂವಿನ ಕೇಸರ ಮತ್ತು ಶಲಾಕೆಗಳ ಎಣಿಕೆಯಿಂದ. ಅವನ ಪದ್ಧತಿ ಈಗ ಬಳಕೆಯಲ್ಲಿಲ್ಲ. ಆದರೂ ಹೂಬಿಡುವ ಸಸ್ಯಗಳ ವಿಷಯದಲ್ಲಿ ಹೂವಿನ ಸಾಕ್ಷ್ಯಕ್ಕೆ ಇಂದಿಗೂ ಹೆಚ್ಚಿನ ಬೆಲೆಯಿದೆ. ಆರ್ಕಿಡ್‌ಗಳಲ್ಲಿ ಇದು ಇನ್ನೂ ಹೆಚ್ಚು. ಇವುಗಳ ಹೂವಿನಲ್ಲಿ ಒಂದು ದಳ ಮಾರ್ಪಾಡಾಗಿ ತುಟಿಯಂತಾಗಿರುತ್ತದೆ. ಗಂಡು, ಹೆಣ್ಣು ಭಾಗಗಳು ಕೂಡಿಕೊಂಡು ಒಂದೇ ಸ್ತಂಭವಾಗಿರುತ್ತವೆ. ಪರಾಗವು ಪುಡಿಯಾಗಿರದೆ ಉಂಡೆಗಳಾಗಿರುತ್ತದೆ. ತುಟಿಯ ಆಕಾರ, ಬಣ್ಣ, ಪರಾಗದುಂಡೆಗಳ ಸಂಖ್ಯೆ ಇವೆಲ್ಲ ಸೇರಿ ಪ್ರಭೇದವನ್ನು ತಿಳಿಸುತ್ತವೆ. ಜಗತ್ತಿನಲ್ಲಿ ಸುಮಾರು 28,000 ಆರ್ಕಿಡ್ ಪ್ರಭೇದಗಳಿವೆ. ಭಾರತದಲ್ಲಿ 1,256 ಇವೆಯೆಂದು ಭಾರತೀಯ ಸಸ್ಯ ಸರ್ವೇಕ್ಷಣೆ 2019ರಲ್ಲಿ ಪಟ್ಟಿ ಮಾಡಿದೆ.

ಎಲೆಯ ಸಂಗತಿ ಬೇರೆ. ಮರದ ಮೇಲಿನ ಗಿಡಕ್ಕೆ ನೆಲದ ನೀರು ಸಿಗದು. ಆದ್ದರಿಂದ ದೂರದ ಸಂಬಂಧದ ಆರ್ಕಿಡ್‌ಗಳೂ ನೀರು ಉಳಿಸಲು ಒಂದೇ ರೀತಿಯ ದಪ್ಪ ಎಲೆಗಳನ್ನು ಬೆಳೆಸಿಕೊಂಡಿರುತ್ತವೆ. ಪ್ರಾರ್ಥನೆಯ ಸಾಲಿನಲ್ಲಿ ಒಂದೇ ಸಮವಸ್ತ್ರ ತೊಟ್ಟು ನಿಂತ ಮಕ್ಕಳನ್ನು ಹಿಂದಿನಿಂದ ನೋಡಿದ ಹಾಗೆ: ಯಾವ ಶಾಲೆ ಎಂದು ಹೇಳಬಹುದು, ಯಾರ ಮಗು ಎಂದು ಹೇಳುವುದು ಕಷ್ಟ.

ಕೆಂಪು ಬಾಳೆಯ ಪೂರ್ವಜ್ಞಾನ

ಹಾಗಾದರೆ ಹೂವಿಲ್ಲದಾಗ ಏನೂ ಹೇಳಲಾಗದೇ? ಎರಡನೆಯ ಪಾಠವನ್ನು ನಾನು ಈ ಪ್ರಶ್ನೆಯಿಂದಲೇ ಆರಂಭಿಸಿದೆ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚ್ಯಂಕ ಪಡೆದ ಬೆಳೆ. "ಗೊನೆ ಬಿಡದ ತೋಟದಲ್ಲಿ ಕೆಂಪು ಬಾಳೆ ಯಾವುದು, ಬೇರೆ ಬಾಳೆ ಯಾವುದು ಎಂದು ಯಾರು ಹೇಳುತ್ತೀರಿ?" ಎಂದಾಗ ಅನೇಕ ಕೈಗಳು ಮೇಲೆದ್ದವು. ದಿಂಡು ಕೆಂಪಗಿರುತ್ತದೆ, ಎಲೆಯ ನಡುನರವೂ ಕೆಂಪು ಎಂದರು.

ಅಂದರೆ ಹಣ್ಣು ಕಾಣುವ ಮೊದಲೇ ಗುರುತಿಸಲು ಸಾಧ್ಯ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಆ ಊರಿನಲ್ಲಿ ಬೆಳೆಯುವ ಬಗೆಗಳು ಯಾವುವೆಂದು ಮೊದಲೇ ಗೊತ್ತಿರಬೇಕು. ಅವುಗಳನ್ನು ಬೇರ್ಪಡಿಸುವ ಗುರುತನ್ನು ಕಣ್ಣಾರೆ ಕಂಡಿರಬೇಕು. ನಾನು ಆಪ್ ನಂಬಿದಾಗ ಈ ಎರಡನ್ನೂ ಬಿಟ್ಟಿದ್ದೆ. ಸೀತಾಳೆ ದಂಡೆ ಹೆಚ್ಚಾಗಿ ಕಾಣುವುದು ಮಲೆನಾಡಿನ ತೇವದ ಕಾಡುಗಳಲ್ಲಿ. ಕಮಲಾಪುರದ್ದು ಬಯಲುಸೀಮೆಯ ಒಣ ಹವೆ. ಸ್ಥಳ ಒಂದು ಸುಳಿವು ಮಾತ್ರ, ಅದೇ ಸಾಕ್ಷ್ಯವಲ್ಲ. ಆದರೂ ನಾನು ಅನುಮಾನಪಡಲು ಅಷ್ಟು ಸಾಕಾಗಿತ್ತು. ಇಲ್ಲಿ ಯಾವ ಸಸ್ಯಗಳಿವೆ ಎಂದು ತಿಳಿಯಲು ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಈ ಜಿಲ್ಲೆಯ ಸಸ್ಯಗಳ ಬಗ್ಗೆ ಬರೆದ ಪುಸ್ತಕವಿದೆ. ಕಲಬುರಗಿಯಲ್ಲೇ ಓದುವ ನಾನು ಅದನ್ನು ಮೊದಲು ನೋಡಬೇಕಿತ್ತು.

ಮೊದಲ ಹೆಜ್ಜೆ: ಇದು ಆರ್ಕಿಡ್ಡೇ ಹೌದೇ?

ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಭಾಗದ ಮಾವು, ಬೇವುಗಳ ಮೇಲೆ ಬದನಿಕೆಯೂ ಬೆಳೆಯುತ್ತದೆ. ಅದು ಅರೆಪರಾವಲಂಬಿ. ಎಲೆಯಲ್ಲಿ ಆಹಾರ ತಯಾರಿಸುತ್ತದೆ, ಆದರೆ ಹೀರುಬೇರುಗಳನ್ನು ಕೊಂಬೆಯೊಳಗೆ ಇಳಿಸಿ ಮರದಿಂದ ನೀರು, ಲವಣ ಪಡೆಯುತ್ತದೆ. ಅದು ಕೂಡಿಕೊಂಡ ಜಾಗದಲ್ಲಿ ಕೊಂಬೆ ಗಂಟುಗಟ್ಟಿರುತ್ತದೆ. ಅದರ ಕಾಂಡ ಕಟ್ಟಿಗೆಯಂತೆ ಗಟ್ಟಿ, ಕವಲೊಡೆಯುತ್ತದೆ.

ಆರ್ಕಿಡ್ ಮರದಿಂದ ಏನನ್ನೂ ಹೀರುವುದಿಲ್ಲ. ತೊಗಟೆಯನ್ನು ಹಿಡಿದು ನಿಲ್ಲುವ ಅಧಿಸಸ್ಯ ಅದು. ಅದರ ದಪ್ಪ ಬೇರುಗಳು ತೊಗಟೆಯ ಮೇಲೆ ಹರಡಿರುತ್ತವೆ, ಕೆಲವು ಗಾಳಿಯಲ್ಲಿ ಜೋತಾಡುತ್ತವೆ. ಬೇರಿನ ಹೊರಗೆ ವೆಲಾಮೆನ್ ಎಂಬ ಸ್ಪಂಜಿನಂಥ ಪದರವಿದೆ. ಒಣಗಿದಾಗ ಅದರ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಬಿಳಿಯಾಗಿ ಕಾಣುತ್ತದೆ. ನೀರು ತಾಗಿದರೆ ಪದರ ಪಾರದರ್ಶಕವಾಗಿ ಒಳಗಿನ ಹಸಿರು ತೋರುತ್ತದೆ.

ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಲೋಟದಿಂದ ನಾಲ್ಕು ಹನಿ ನೀರನ್ನು ಬೇರಿನ ಮೇಲೆ ಬಿಟ್ಟಳು. ನೋಡುತ್ತಿದ್ದಂತೆ ಬಿಳಿ ಬೇರು ಹಸಿರಾಯಿತು. ಬದನಿಕೆಯಲ್ಲವೆಂದು ಒಪ್ಪಿಸಲು ನಾನು ಬೇರೇನೂ ಹೇಳಬೇಕಾಗಲಿಲ್ಲ. ಪಠ್ಯದಲ್ಲಿರುವ ಸಮಾಂತರ ಸಿರಾವಿನ್ಯಾಸವನ್ನು ಮೊದಲು ತೋರಿಸಲು ಹೋಗಬೇಡಿ. ಇಂಥ ದಪ್ಪ ಎಲೆಗಳಲ್ಲಿ ನರಗಳು ಸುಲಭವಾಗಿ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಬೆಳೆಯುವ ರೀತಿ

ಆರ್ಕಿಡ್‌ಗಳು ಮುಖ್ಯವಾಗಿ ಎರಡು ರೀತಿಯಲ್ಲಿ ಬೆಳೆಯುತ್ತವೆ. ಮೊದಲನೆಯದರಲ್ಲಿ ಒಂದೇ ಕಾಂಡ ವರ್ಷವರ್ಷವೂ ತುದಿಯಿಂದ ಮೇಲಕ್ಕೆ ಬೆಳೆಯುತ್ತದೆ. ಎಲೆಗಳು ಎಡಕ್ಕೊಂದು ಬಲಕ್ಕೊಂದರಂತೆ ಎರಡು ಸಾಲಾಗಿರುತ್ತವೆ. ವಾಂಡಾ, ಸೀತಾಳೆ ದಂಡೆ, ಅಕಾಂಪೆ ಈ ಬಗೆಯವು. ಎರಡನೆಯದರಲ್ಲಿ ಗಿಡ ಅಡ್ಡಕ್ಕೆ ಹಬ್ಬುತ್ತ ಪ್ರತಿ ಸಲ ಬುಡದಿಂದ ಹೊಸ ಚಿಗುರು ಬಿಡುತ್ತದೆ. ಅನೇಕ ವೇಳೆ ಕಾಂಡ ಉಬ್ಬಿ ಗಡ್ಡೆಯಂತಾಗಿ ನೀರು ಕೂಡಿಟ್ಟುಕೊಳ್ಳುತ್ತದೆ. ಡೆಂಡ್ರೋಬಿಯಂ, ಬಲ್ಬೋಫಿಲಂ ಈ ಬಗೆಯವು. ನಮ್ಮ ಗಿಡದಲ್ಲಿ ಉಬ್ಬಿದ ಕಾಂಡವಿರಲಿಲ್ಲ, ಎರಡು ಸಾಲಿನ ಎಲೆಗಳಿದ್ದವು. ಇಷ್ಟರಿಂದಲೇ ಅರ್ಧ ಪಟ್ಟಿ ಅಳಿಸಿಹೋಯಿತು.

ಮೂರನೆಯ ಹೆಜ್ಜೆ: ಎಲೆ

ಎಲೆಯಲ್ಲಿ ಮೂರು ಸಂಗತಿ ನೋಡಬೇಕು: ಅಡ್ಡಕೊಯ್ತದ ಆಕಾರ, ಮಡಿಕೆ, ತುದಿ. ಲೂಯಿಸಿಯಾ ಎಂಬ ಜಾತಿಯ ಎಲೆ ಪೆನ್ಸಿಲಿನಂತೆ ಉರುಟು. ಅದನ್ನು ಹೂವಿಲ್ಲದೆಯೂ ಬೇರ್ಪಡಿಸಬಹುದು. ವಾಂಡಾದ ಎಲೆ ಪಟ್ಟಿಯಂತೆ ಉದ್ದ, ನಡುವೆ ದೋಣಿಯಂತೆ ಮಡಿಚಿ ಹೊರಕ್ಕೆ ಬಾಗಿರುತ್ತದೆ. ತುದಿ ಕಚ್ಚಿ ಹರಿದಂತೆ ಏರುಪೇರಾಗಿರುತ್ತದೆ. ಆದರೆ ಸೀತಾಳೆ ದಂಡೆ, ಅಕಾಂಪೆಗಳ ಎಲೆಯ ತುದಿಯೂ ಹೀಗೆಯೇ ಕತ್ತರಿಸಿದಂತಿರಬಹುದು. ಬಿಸಿಲು ಹೆಚ್ಚಾದರೆ ಎಲೆ ಗಿಡ್ಡ, ಹಳದಿ. ನೆರಳಿದ್ದರೆ ಉದ್ದ, ಹಸಿರು. ಹೀಗಾಗಿ ಒಂದು ಎಲೆಯ ಅಳತೆಯಿಂದ ತೀರ್ಮಾನಿಸುವುದು ತಪ್ಪು. ಆಪ್ ಎಡವಿದ್ದೂ ಇಲ್ಲೇ ಇರಬೇಕು. ನಾನು ಅದಕ್ಕೆ ಕೊಟ್ಟದ್ದು ಎಲೆಯ ಚಿತ್ರವನ್ನು ಮಾತ್ರ.

ನಾಲ್ಕನೆಯ ಹೆಜ್ಜೆ: ಹಳೆಯ ಹೂವಿನ ಗುರುತು

ಹೂವಿಲ್ಲ ಎಂದರೆ ಹೂವಿನ ಸಾಕ್ಷ್ಯವೇ ಇಲ್ಲ ಎಂದಲ್ಲ. ಹೋದ ವರ್ಷದ ಹೂಗೊಂಚಲಿನ ಒಣ ಕಡ್ಡಿ, ಒಡೆದ ಕಾಯಿ ಗಿಡದಲ್ಲೇ ಉಳಿದಿರಬಹುದು. ಕಡ್ಡಿ ಎಲೆಯ ಕಂಕುಳಿಂದ ಹೊರಟಿದೆಯೇ, ಕಾಂಡದ ತುದಿಯಿಂದಲೇ? ನೆಟ್ಟಗಿದೆಯೇ, ಜೋತುಬಿದ್ದಿದೆಯೇ? ಹೂವು ಉದುರಿದ ಗಾಯಗಳು ದಟ್ಟವಾಗಿವೆಯೇ, ದೂರದೂರವೇ?

ಸೀತಾಳೆ ದಂಡೆಯ ಹೂಗೊಂಚಲು ನರಿಯ ಬಾಲದಂತೆ ಕೆಳಕ್ಕೆ ತೂಗುತ್ತದೆ, ಹೂವುಗಳು ಒತ್ತೊತ್ತಾಗಿರುತ್ತವೆ. ಅಕಾಂಪೆಯ ಹೂಗೊಂಚಲು ಎಲೆಗಿಂತ ಗಿಡ್ಡ. ನಮ್ಮ ಗಿಡದ ಕಡ್ಡಿ ಎಲೆಗಳ ನಡುವಿನಿಂದ ನೆಟ್ಟಗೆ ಎದ್ದು, ಎಲೆಗಿಂತ ಎತ್ತರವಿತ್ತು. ಅದರ ಮೇಲೆ ದೂರದೂರಕ್ಕೆ ಆರೇ ಗಾಯಗಳಿದ್ದವು. ಸೀತಾಳೆ ದಂಡೆ ಅಲ್ಲವೆಂದು ಹೇಳುವ ಅತಿ ದೊಡ್ಡ ಸಾಕ್ಷಿ ಅದೇ ಕಡ್ಡಿ. ನಾನು ತಪ್ಪು ಹೆಸರಿನ ಚೀಟಿ ಕಟ್ಟಿದ್ದೂ ಅದಕ್ಕೇ.

ಎಲ್ಲಿ ನಿಲ್ಲಬೇಕು?

ಈ ನಾಲ್ಕು ಹೆಜ್ಜೆಗಳಿಂದ ಬಹುಮಟ್ಟಿಗೆ ಜಾತಿಯ ಹತ್ತಿರ ಬರಬಹುದು. ಪ್ರಭೇದದ ಹೆಸರಿಗೆ ಅನೇಕ ಸಲ ಹೂವಿಗೇ ಕಾಯಬೇಕು. ಡಿಎನ್ಎ ಪರೀಕ್ಷೆಯ ದಾರಿಯೂ ಇದೆ. ಆದರೆ ಅಲ್ಲಿಯೂ ಹೋಲಿಸಿ ನೋಡಲು, ಹೂವಿನಿಂದ ಖಚಿತವಾಗಿ ಗುರುತಿಸಿದ ಮಾದರಿ ಬೇಕು.

ತಪ್ಪು ಹೆಸರಿನಿಂದ ಏನು ನಷ್ಟ ಎಂದು ಕೆಲವರು ಕೇಳಬಹುದು. ಆಯುರ್ವೇದದ ರಾಸ್ನಾ ಇದಕ್ಕೆ ಉದಾಹರಣೆ. ಕೆಲವು ಕಡೆ ವಾಂಡಾದ ಬೇರನ್ನು ರಾಸ್ನಾ ಎನ್ನುತ್ತಾರೆ, ದಕ್ಷಿಣದ ಕೆಲವು ಕಡೆ ಶುಂಠಿಯ ಕುಟುಂಬದ ಗಡ್ಡೆಯನ್ನು, ಉತ್ತರದಲ್ಲಿ ಸೇವಂತಿಗೆ ಕುಟುಂಬದ ಗಿಡವೊಂದನ್ನು. ಹೆಸರು ಒಂದೇ, ಗಿಡ ಮೂರು. ತರಗತಿಯಲ್ಲಿ ನಷ್ಟ ಇನ್ನೊಂದು ಬಗೆಯದು. ಶಿಕ್ಷಕರು ಆಧಾರವಿಲ್ಲದೆ ಹೇಳಿದ್ದನ್ನೂ ಬರೆದುಕೊಳ್ಳಬೇಕೆಂದು ಮಕ್ಕಳು ಕಲಿಯುತ್ತಾರೆ.

ಆದ್ದರಿಂದ ಎರಡನೆಯ ಪಾಠದಲ್ಲಿ ಚೀಟಿಯನ್ನು ಮಕ್ಕಳೇ ಮೂರು ಸಾಲಿನಲ್ಲಿ ಬರೆದರು:

ಕುಟುಂಬ: ಆರ್ಕಿಡ್. ಖಚಿತ. ಆಧಾರ: ಬೇರಿನ ನೀರಿನ ಪರೀಕ್ಷೆ, ಎರಡು ಸಾಲಿನ ಎಲೆ.
ಜಾತಿ: ವಾಂಡಾ. ಬಹುಶಃ. ಆಧಾರ: ಎಲೆಯ ತುದಿ, ನೆಟ್ಟಗಿನ ಒಣ ಕಡ್ಡಿ.
ಪ್ರಭೇದ: ಹೂವು ಬಂದ ಮೇಲೆ.

ಹಿಂದಿನ ಚೀಟಿ ತಪ್ಪೆಂದು ನಾನೇ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ನೋಟ್‌ಬುಕ್ಕಿನ ಹಳೆಯ ಹೆಸರನ್ನು ಅಳಿಸದೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆದರು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆ

ಈ ಚಟುವಟಿಕೆಗೆ ಮರದಿಂದ ಗಿಡ ಕೀಳಬಾರದು. ಕಾಡಿನ ಆರ್ಕಿಡ್‌ಗಳು ಅತಿಯಾದ ಸಂಗ್ರಹದಿಂದ ಕಡಿಮೆಯಾಗುತ್ತಿವೆ. ಇಡೀ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವೇ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಬಿದ್ದ ಕೊಂಬೆಯ ಗಿಡ ಸಿಕ್ಕರೆ ಬಳಸಿ, ಪಾಠವಾದ ಮೇಲೆ ಸುತಳಿಯಿಂದ ಮರಕ್ಕೆ ಮತ್ತೆ ಕಟ್ಟಿ. ಇಲ್ಲದಿದ್ದರೆ ತರಗತಿಯನ್ನೇ ಮರದ ಬುಡಕ್ಕೆ ಕರೆದೊಯ್ಯಿರಿ. ಒಂದು ಅವಧಿಯಲ್ಲಿ ನಾಲ್ಕೂ ಹೆಜ್ಜೆ ಮುಗಿಸಲು ಆತುರ ಬೇಡ. ಮೊದಲ ದಿನ ಬೇರು ಮತ್ತು ಬೆಳೆಯುವ ರೀತಿ, ಮರುದಿನ ಎಲೆ ಮತ್ತು ಒಣ ಕಡ್ಡಿ ಸಾಕು. ಚಿತ್ರ ತೆಗೆಯುವಾಗ ಇಡೀ ಗಿಡ, ಬೇರು, ಎಲೆಯ ತುದಿ, ಹಳೆಯ ಕಡ್ಡಿ, ಆಶ್ರಯದ ಮರ ಎಲ್ಲವೂ ಬರಲಿ. ಆಪ್ ಬಳಸಬಹುದು, ಆದರೆ ಅದರ ಉತ್ತರವನ್ನು ಊಹೆಯೆಂದು ತೆಗೆದುಕೊಂಡು ಮಕ್ಕಳಿಂದ ಪರೀಕ್ಷಿಸಿ. ಮೌಲ್ಯಮಾಪನದಲ್ಲಿ ಹೆಸರಿಗೆ ಒಂದು ಅಂಕವಿಟ್ಟರೆ ಆಧಾರಕ್ಕೆ ಎರಡಿಡಿ.

ಜೂನ್‌ನಲ್ಲಿ

ಶಾಲೆ ಮತ್ತೆ ಆರಂಭವಾದ ಮೇಲೆ ಒಂದು ದಿನ ಕಮಲಾಪುರಕ್ಕೆ ಹೋಗಿದ್ದೆ. ಹಿಂದಿನ ಬೆಂಚಿನ ಹುಡುಗನೇ ಮಾವಿನ ಮರದ ಹತ್ತಿರ ಕರೆದೊಯ್ದ. ಮೇಲಿನ ಕೊಂಬೆಯ ಗಿಡವೊಂದು ಹೂಬಿಟ್ಟಿತ್ತು: ಹಳದಿ ಮಿಶ್ರಿತ ಹಸಿರು ದಳಗಳ ಮೇಲೆ ಕಂದು ಗೆರೆಗಳ ಚೌಕಳಿ, ನೇರಳೆ ತುಟಿ. ಅದು ವಾಂಡಾ ಟೆಸೆಲೇಟಾ. ಟೆಸೆಲೇಟಾ ಎಂಬ ಹೆಸರು ಬಂದದ್ದೇ ಆ ಚೌಕಳಿಯಿಂದ. ಎಲೆಯಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ವಾಂಡಾ ಎಂಬುದು ಸಂಸ್ಕೃತದ 'ವಂದಾ'. ಮರದ ಮೇಲೆ ಬೆಳೆಯುವ ಗಿಡಗಳಿಗೆ, ಪರಾವಲಂಬಿಗಳಿಗೂ, ಆ ಹೆಸರಿತ್ತು. ಇದು ಬದನಿಕೆಯೇ ಎಂದು ಕೇಳಿದ ಹುಡುಗನಿಗೆ ಅದನ್ನು ಹೇಳಿದಾಗ ಅವನು ನಕ್ಕ.

ನಾವು ಸುತಳಿಯಿಂದ ಕಟ್ಟಿದ ಗಿಡ ಮಾತ್ರ ಇನ್ನೂ ಹೂಬಿಟ್ಟಿರಲಿಲ್ಲ, ಎರಡು ಹೊಸ ಬೇರು ಬಿಟ್ಟಿತ್ತು. ಅದರ ಚೀಟಿಯಲ್ಲಿ ಈಗ ಪ್ರಭೇದದ ಹೆಸರು ಬರೆಯೋಣವೇ ಎಂದೆ. "ಬ್ಯಾಡ್ರಿ ಮೇಡಂ, ಅದು ಬ್ಯಾರೆ ಗಿಡ. ಹೂ ಬರಲಿ" ಎಂದ. 'ಬಹುಶಃ' ಎಂಬ ಪದ ಆ ಚೀಟಿಯಲ್ಲಿ ಹಾಗೆಯೇ ಇದೆ.