ಪರದೆಯ ಮೇಲೆ ಕುದುರುವ ವ್ಯವಹಾರ

ಸೈಪ್ರೆಸ್ ಸೈಕಲ್ ತಯಾರಿಸುವ ಕಂಪನಿ. ಅದಕ್ಕೆ ಬಿಡಿಭಾಗ ಪೂರೈಸುವುದು ಐಟೆಕ್ಸ್. ಬಿಡಿಭಾಗದ ದರ 3.47 ಡಾಲರಿನಿಂದ 4.37 ಡಾಲರಿನವರೆಗಿನ ಐದು ಹಂತಗಳಲ್ಲಿ ಎಲ್ಲಾದರೂ ನಿಲ್ಲಬಹುದು. ಮಾಲು 20, 30, 45 ಇಲ್ಲವೇ 60 ದಿನಕ್ಕೆ ಬರಬಹುದು. ಮಾಲು ಇಳಿದ ಕೂಡಲೇ ದುಡ್ಡು ಎಣಿಸಬೇಕೋ, ತಿಂಗಳು ಬಿಟ್ಟೋ, ಎರಡು ತಿಂಗಳು ಬಿಟ್ಟೋ? ಕೆಟ್ಟ ಮಾಲು ವಾಪಸಾದರೆ ನಷ್ಟ ಯಾರ ತಲೆಗೆ? ಅದಕ್ಕೂ ಮೂರು ದಾರಿ. ಎಲ್ಲವನ್ನೂ ಗುಣಿಸಿದರೆ 180 ಬಗೆಯ ಒಪ್ಪಂದಗಳು ಸಾಧ್ಯ.

ಈ ಎರಡು ಕಂಪನಿಗಳು ಇರುವುದು ಒಂದು ಪ್ರಯೋಗದೊಳಗೆ ಮಾತ್ರ. ಕೆನಡಾದ ಒಟ್ಟಾವದಲ್ಲಿರುವ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಗ್ರೆಗರಿ ಕರ್ಸ್ಟನ್ ಮತ್ತು ಸಂಗಡಿಗರು 1996ರಲ್ಲಿ ‘ಇನ್‌ಸ್ಪೈರ್’ ಎಂಬ ವ್ಯವಸ್ಥೆಯನ್ನು ಅಂತರ್ಜಾಲಕ್ಕೆ ತಂದರು. ಚೌಕಾಸಿಯ ಅಧ್ಯಯನಕ್ಕೆಂದೇ ವೆಬ್‌ನಲ್ಲಿ ರೂಪುಗೊಂಡ ಮೊದಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು, ಎದುರಿನವರು ಯಾರೆಂದು ತಿಳಿಯದೆಯೇ, ಮೂರು ವಾರಗಳವರೆಗೂ ಅದರಲ್ಲಿ ಜಗ್ಗಾಡಬಹುದಿತ್ತು.

ಚೌಕಾಸಿಗೆ ಇಳಿಯುವ ಮುನ್ನ ಇನ್‌ಸ್ಪೈರ್ ಕೇಳುತ್ತಿದ್ದ ಪ್ರಶ್ನೆ ಸರಳ: ನಿಮಗೆ ಯಾವುದು ಎಷ್ಟು ಮುಖ್ಯ? ನೂರು ಅಂಕಗಳನ್ನು ದರ, ಅವಧಿ, ಪಾವತಿ, ವಾಪಸಾತಿಗಳ ನಡುವೆ ಹಂಚಬೇಕು. ಆಮೇಲೆ ಎದುರಿನವರಿಂದ ಯಾವ ಪ್ರಸ್ತಾಪ ಬಂದರೂ ನಿಮ್ಮ ಲೆಕ್ಕದಲ್ಲಿ ಅದರ ತೂಕವೆಷ್ಟು ಎಂದು ಪರದೆ ತೋರಿಸುತ್ತದೆ. ಎದುರಿನವರ ತೂಕ ಮಾತ್ರ ಕಾಣದು. ಎಲ್ಲಕ್ಕಿಂತ ಸೊಗಸಾದ ಘಟ್ಟ ಇಬ್ಬರೂ ಒಪ್ಪಿದ ಮೇಲಿನದು. ಇಬ್ಬರ ಮನದಿಂಗಿತವೂ ಯಂತ್ರಕ್ಕೆ ಗೊತ್ತಲ್ಲ? ಒಬ್ಬರಿಗೂ ನಷ್ಟವಾಗದೆ ಇನ್ನೂ ಒಳ್ಳೆಯ ಒಪ್ಪಂದ ಉಳಿದಿದ್ದರೆ ಅದನ್ನು ಮುಂದಿಟ್ಟು, ಮತ್ತೊಮ್ಮೆ ಮಾತಾಡುತ್ತೀರಾ ಎಂದು ಕೇಳುತ್ತದೆ. ಕೈಕುಲುಕಿದ ಮೇಲೂ ಒಪ್ಪಂದವನ್ನು ಸುಧಾರಿಸಬಹುದೆಂಬ ಈ ವಿಚಾರವನ್ನು 1985ರಲ್ಲೇ ಮುಂದಿಟ್ಟವರು ಹಾರ್ವರ್ಡ್‌ನ ಹೊವರ್ಡ್ ರೈಫಾ. ಅದನ್ನು ದೂರದ ಅಪರಿಚಿತರ ಕೈಗೂ ಎಟುಕಿಸಿದ್ದು ವೆಬ್.

ಎದುರಿನ ಮುಖ ಕಾಣದಿದ್ದರೆ ವ್ಯವಹಾರ ಏನಾಗುತ್ತದೆಂಬ ಕುತೂಹಲ ಇನ್ನೂ ಹಳೆಯದು. ಬ್ರಿಟನ್ನಿನ ಇಯಾನ್ ಮಾರ್ಲಿ ಮತ್ತು ಜೆಫ್ರಿ ಸ್ಟೀಫನ್‌ಸನ್ 1969ರ ಸುಮಾರಿಗೆ ಕಾರ್ಮಿಕ–ಆಡಳಿತ ಮಂಡಳಿ ವಿವಾದವೊಂದನ್ನು ಕಲ್ಪಿಸಿ, ಅದನ್ನು ಎದುರುಬದುರು ಕೂರಿಸಿಯೂ ಫೋನ್ ಮೂಲಕವೂ ನಡೆಸಿ ನೋಡಿದರು. ಫೋನಿನಲ್ಲಿ, ವಾದ ಗಟ್ಟಿಯಿದ್ದ ಪಕ್ಷದ್ದೇ ಮೇಲುಗೈಯಾಯಿತು. ಮುಖ ನೋಡಿ ಬಿಟ್ಟುಕೊಡುವ ದಾಕ್ಷಿಣ್ಯ ತಂತಿಯ ಮೇಲೆ ಹರಿದುಹೋಗಲಿಲ್ಲ ಎನ್ನಬೇಕು.

ಇಮೇಲ್ ಬಂದಾಗ ಆ ದಾಕ್ಷಿಣ್ಯದ ಬೆಲೆ ಇನ್ನಷ್ಟು ಸ್ಪಷ್ಟವಾಯಿತು. ಮೈಕೆಲ್ ಮಾರಿಸ್, ಜಾನಿಸ್ ನ್ಯಾಡ್ಲರ್, ಟೆರಿ ಕರ್ಟ್ಸ್‌ಬರ್ಗ್, ಲೀ ಥಾಂಪ್ಸನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಚೌಕಾಸಿಗೆ ಮುನ್ನ ಕೆಲವು ಜೋಡಿಗಳಿಗೆ ಫೋನಿನಲ್ಲಿ ತುಸು ಹೊತ್ತು ಹರಟಲು ಬಿಟ್ಟರು. ವ್ಯವಹಾರದ ಮಾತಿಲ್ಲ, ಬರೀ ಪರಿಚಯದ ಮಾತು. ಅಷ್ಟಕ್ಕೇ ಅವರ ನಡುವೆ ಸಲುಗೆ ಬೆಳೆದು ಮಾತುಕತೆ ಸುಸೂತ್ರವಾಯಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವ ಶೋಧನೆ ಇದು. ಲೆಕ್ಕವನ್ನು ಯಂತ್ರ ಮಾಡಿಕೊಡಬಲ್ಲದು. ಭರವಸೆಯನ್ನು ಮನುಷ್ಯರೇ ಹುಟ್ಟಿಸಿಕೊಳ್ಳಬೇಕು.

ನಮ್ಮ ಎಪಿಎಂಸಿಗಳಿಗೆ ಬಂದದ್ದು ಪರದೆಯ ವ್ಯವಹಾರದ ಬೇರೊಂದು ಬಗೆ. 2014ರಿಂದ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಇದೆ. ರೈತ ತಂದ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ವರ್ತಕರು ಅಂಗಳದಲ್ಲಿ ಅಡ್ಡಾಡಿ, ಕಾಳು ಕೈಯಲ್ಲಿ ಹಿಡಿದು ನೋಡಿ, ಗುಟ್ಟಾಗಿ ಕಂಪ್ಯೂಟರಿಗೆ ದರ ತುಂಬುತ್ತಾರೆ. ಹೆಚ್ಚು ಬರೆದವರಿಗೆ ಲಾಟ್. ದರ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗಿದೆ. ಇದು ಚೌಕಾಸಿಗಿಂತ ಟೆಂಡರಿಗೆ ಹತ್ತಿರ, ನಿಜ. ಆದರೆ ಸಂಶೋಧಕರು ಕೇಳಬೇಕಾದ ಪ್ರಶ್ನೆ ಅದೇ: ಪರದೆಯ ನಿಯಮ ಬದಲಾದರೆ ಯಾರ ಕೈಗೆ ಎಷ್ಟು ಸೇರುತ್ತದೆ?

ಎಂಐಟಿಯ ರೆಟ್ಸೆಫ್ ಲೆವಿ, ಯಾನ್‌ಚಾಂಗ್ ಝೆಂಗ್, ಅವರೊಂದಿಗೆ ಸೌಮ್ಯ ಸಿಂಘ್ವಿ ಮತ್ತು ಮನೋಜ್ ರಾಜನ್ ಇದರ ಬೆನ್ನು ಹತ್ತಿದರು. ವೇದಿಕೆ ಬಂದ ಮೇಲೆ ಭತ್ತದ ಧಾರಣೆ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5 ಏರಿದ್ದನ್ನು ಅವರು 2020ರಲ್ಲಿ ವರದಿ ಮಾಡಿದರು. ಎಲ್ಲ ಬೆಳೆಗೂ ಆ ಭಾಗ್ಯ ಸಿಕ್ಕಿರಲಿಲ್ಲ. ಆದ್ದರಿಂದ, ಆ ವರದಿ ಹೊರಬರುವ ಮೊದಲೇ, ವರ್ತಕರ ಜೊತೆ ಕೂತು, ಅವರು ದರ ಬರೆಯುವ ರೀತಿಯನ್ನು ಕೇಳಿ ತಿಳಿದು, ಹೊಸ ಕ್ರಮವೊಂದನ್ನು ಹೆಣೆದರು. ಮೊದಲ ಸುತ್ತಿನಲ್ಲಿ ಹೆಚ್ಚು ಬರೆದ ಕೆಲವರಿಗಷ್ಟೇ ಎರಡನೇ ಸುತ್ತು. ಅಲ್ಲಿ ದರ ಏರಿಸಲು ಅವಕಾಶ. ರಾಜ್ಯದ ದೊಡ್ಡ ಬೇಳೆಕಾಳು ಮಾರುಕಟ್ಟೆಯೊಂದರಲ್ಲಿ ಇದು ಜಾರಿಗೆ ಬಂದಾಗ ಧಾರಣೆ ಶೇ 4.7 ಹೆಚ್ಚಿತು. 2019ರ ಫೆಬ್ರವರಿ ಹೊತ್ತಿಗೆ ಅದರ ಲಾಭ ಪಡೆದ ರೈತರು 10,000ಕ್ಕೂ ಮಿಕ್ಕಿದ್ದರು.