ಊರಿಗೆ ನಕಾಶೆ ಹಾಕುವವರ ಸಂಸ್ಥೆ

ಒಂದು ಊರಿಗೆ ತಾಲ್ಲೂಕಿನ ಪಟ್ಟ ಸಿಕ್ಕ ಕೂಡಲೇ ಅಲ್ಲಿನ ನೆಲದ ಲೆಕ್ಕವೇ ಬದಲಾಗುತ್ತದೆ. ಶಹಾಪುರ ತಾಲ್ಲೂಕಿನಲ್ಲಿದ್ದ ವಡಗೇರಾ 2017–18ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿತು. ಇಂಥ ಊರಿಗೆ ತಹಶೀಲ್ದಾರ್ ಕಚೇರಿ ಬೇಕು, ಕೋರ್ಟು ಬೇಕು, ದೊಡ್ಡ ಬಸ್ ಸ್ಟ್ಯಾಂಡ್ ಬೇಕು. ರಸ್ತೆ ಬದಿಯ ಎರೆಹೊಲಗಳು ಎನ್.ಎ. (ಕೃಷಿಯೇತರ) ಆಗಿ ಪ್ಲಾಟುಗಳಾಗುತ್ತವೆ. ಮಳೆಗಾಲದ ಹಳ್ಳ ಎಲ್ಲಿ ಹರಿಯಬೇಕು, ಸಂತೆ ಎಲ್ಲಿ ಕೂಡಬೇಕು, ಇಪ್ಪತ್ತು ವರ್ಷದ ಮೇಲೆ ಬರುವ ಶಾಲೆಗೆ, ಸ್ಮಶಾನಕ್ಕೆ ಜಾಗ ಎಲ್ಲಿದೆ? ಮೊದಲ ಪ್ಲಾಟು ಮಾರಾಟವಾಗುವ ಮುಂಚೆಯೇ ಇದೆಲ್ಲ ತೀರ್ಮಾನವಾಗಬೇಕು. ಅದನ್ನೇ ವೃತ್ತಿ ಮಾಡಿಕೊಂಡವರು ನಗರ ಯೋಜಕರು. ದೇಶದಲ್ಲಿ ಅವರೆಲ್ಲರ ಸಂಸ್ಥೆ ‘ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ’.

ಸಂಸ್ಥೆ ಹುಟ್ಟಿದ ಕಾಲವನ್ನು ನೆನೆದರೆ ಅದರ ಅಗತ್ಯ ಅರ್ಥವಾಗುತ್ತದೆ. 1947ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು. ಫರೀದಾಬಾದ್, ನೀಲೋಖೇರಿ, ಗಾಂಧಿಧಾಮದಂಥ ಊರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಆ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಮೈಸೂರು ಸಂಸ್ಥಾನದಲ್ಲಿ ವಾಸ್ತುಶಿಲ್ಪಿಯಾಗಿದ್ದ ಜರ್ಮನಿಯ ಆಟೊ ಕೋನಿಗ್ಸ್‌ಬರ್ಗರ್ ಅವರನ್ನೇ ಕೇಂದ್ರ ಸರ್ಕಾರ ವಸತಿ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ಅದೇ 1947ರಲ್ಲಿ ಕೆಲವು ಯೋಜಕರು ಸೇರಿ ‘ಇಂಡಿಯನ್ ಬೋರ್ಡ್ ಆಫ್ ಟೌನ್ ಪ್ಲಾನರ್ಸ್’ ಎಂಬ ಅನೌಪಚಾರಿಕ ಕೂಟ ಕಟ್ಟಿಕೊಂಡರು. ಮೂರು ವರ್ಷಕ್ಕೂ ಮಿಕ್ಕಿದ ಚರ್ಚೆಯ ಬಳಿಕ, 1951ರ ಜುಲೈನಲ್ಲಿ, ಲಂಡನ್ನಿನಲ್ಲಿ 1914ರಲ್ಲಿ ಶುರುವಾಗಿದ್ದ ಯೋಜಕರ ಸಂಸ್ಥೆಯ ಮಾದರಿಯಲ್ಲಿ ಈ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಆಗ ಸದಸ್ಯರು 8 ಮಂದಿ.

ಇಂದು ಸದಸ್ಯರ ಸಂಖ್ಯೆ ಐದು ಸಾವಿರ ದಾಟಿದೆ. ದೆಹಲಿಯಲ್ಲಿ ಕೇಂದ್ರ ಕಚೇರಿ. ಕರ್ನಾಟಕವೂ ಸೇರಿದಂತೆ ರಾಜ್ಯಗಳಲ್ಲಿ ಶಾಖೆಗಳು. ಆದರೆ ನನ್ನ ಮಟ್ಟಿಗೆ ಅದರ ದೊಡ್ಡ ಕೆಲಸವೆಂದರೆ ಪರೀಕ್ಷೆ. ಯೋಜನೆ ಕಲಿಸುವ ಕಾಲೇಜುಗಳೇ ಅಪರೂಪವಾಗಿದ್ದ ದೇಶದಲ್ಲಿ ಸಂಸ್ಥೆ ತಾನೇ ಅಸೋಸಿಯೇಟ್‌ಶಿಪ್ ಪರೀಕ್ಷೆ ನಡೆಸಿತು, ಇಂದಿಗೂ ನಡೆಸುತ್ತಿದೆ. ಪಾಸಾದವರು ಸದಸ್ಯತ್ವ ಪಡೆದು ಹೆಸರಿನ ಮುಂದೆ ‘ಎ.ಐ.ಟಿ.ಪಿ.’ ಎಂದು ಬರೆದುಕೊಳ್ಳುತ್ತಾರೆ. 1996ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ನಗರ ಯೋಜನೆ ತಯಾರಿಕೆಯ ಮಾರ್ಗಸೂಚಿಯನ್ನು ಸಿದ್ಧಪಡಿಸಿದ್ದೂ ಇದೇ ಸಂಸ್ಥೆ. ಊರಿನ ಗಾತ್ರಕ್ಕೆ ತಕ್ಕಂತೆ ನೆಲವನ್ನು ಹೇಗೆ ಹಂಚಬೇಕು ಎಂದು ದೇಶದ ಯೋಜನಾ ಕಚೇರಿಗಳು ಎಷ್ಟೋ ವರ್ಷ ಅದನ್ನೇ ತೆರೆದು ನೋಡುತ್ತಿದ್ದವು.

ಯೋಜಕರ ಮೇಜಿನ ಮೇಲಿನ ಹಾಳೆಯನ್ನು ಒಮ್ಮೆ ನೋಡಬೇಕು. ನಮ್ಮ ರಾಜ್ಯದ ಮಾಸ್ಟರ್ ಪ್ಲಾನಿನಲ್ಲಿ ಮನೆಗಳ ಜಾಗಕ್ಕೆ ಹಳದಿ, ಅಂಗಡಿ ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ಸರ್ವೆ ನಂಬರಿನ ಮೇಲೆ ಯಾವ ಬಣ್ಣ ಬಿತ್ತು ಎಂಬುದರ ಮೇಲೆ ಒಂದು ಕುಟುಂಬದ ಹೊಲದ ಬೆಲೆ ನಿಂತಿರುತ್ತದೆ. ಅದಕ್ಕೇ ಬಣ್ಣ ಹಚ್ಚುವ ಮೊದಲು ಊರು ಸುತ್ತಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂತು ಎಂದು ನದಿದಂಡೆಯ ರೈತರು ಬೊಟ್ಟು ಮಾಡಿ ತೋರಿಸುತ್ತಾರೆ. ಆ ಗುರುತು ಹಾಳೆಯ ಮೇಲೆ ಬರದಿದ್ದರೆ ಎಷ್ಟು ಚಂದದ ಬಣ್ಣವಿದ್ದರೂ ಫಲವಿಲ್ಲ.

ಇದಕ್ಕೆಲ್ಲ ಕಾನೂನಿನ ಬಲ ಕೊಟ್ಟದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದಕ್ಕೂ ಮುಂಚೆ, 1948ರವರೆಗೆ, ನಮ್ಮ ಯಾದಗಿರಿ ಭಾಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ನಗರಕ್ಕೆ 1912ರಷ್ಟು ಹಿಂದೆಯೇ ಸುಧಾರಣಾ ಮಂಡಳಿ ಬಂದಿತ್ತು. ರಾಜಧಾನಿಗೆ ಸಿಕ್ಕ ಆ ಆಸ್ಥೆ ಯಾದಗಿರಿ, ಸುರಪುರಗಳಂಥ ಊರುಗಳಿಗೆ ಸಿಗಲಿಲ್ಲ.

ಸಂಸ್ಥೆಗೆ ಒಂದು ಕೊರತೆ ಉಳಿದಿದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ; ಅದರಡಿ ನೋಂದಣಿ ಮಾಡುವ ಪರಿಷತ್ತು ಇದೆ. ಯೋಜಕರಿಗೆ ಅಂಥ ರಾಷ್ಟ್ರೀಯ ಕಾಯ್ದೆ ಇಲ್ಲ. ನೀತಿ ಆಯೋಗ 2021ರ ಸೆಪ್ಟೆಂಬರಿನ ವರದಿಯಲ್ಲಿ ಕಾಯ್ದೆಬದ್ಧ ಯೋಜಕರ ಪರಿಷತ್ತು ಬೇಕೆಂದು ಶಿಫಾರಸು ಮಾಡಿತು. ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ಹುದ್ದೆಗಳೇ 3,945, ಅವುಗಳಲ್ಲೂ ಶೇ 42ರಷ್ಟು ಖಾಲಿ ಎಂದು ಅದೇ ವರದಿ ಲೆಕ್ಕ ಕೊಟ್ಟಿದೆ. ಖಾಲಿ ಕುರ್ಚಿಯ ಪೆಟ್ಟು ಮೊದಲು ಬೀಳುವುದು ಬೆಂಗಳೂರಿಗಲ್ಲ, ಸಣ್ಣ ಊರುಗಳಿಗೆ.

ಈ ವೃತ್ತಿಯ ಹೆಸರನ್ನೇ ಕೇಳದ ಮಕ್ಕಳು ನಮ್ಮ ಕಾಲೇಜುಗಳಲ್ಲಿ ತುಂಬಿದ್ದಾರೆ. ಎಂಜಿನಿಯರಿಂಗ್, ವಾಸ್ತುಶಿಲ್ಪ ಓದಿದವರಿಗಷ್ಟೇ ಅಲ್ಲ, ಭೂಗೋಳ, ಅರ್ಥಶಾಸ್ತ್ರ ಓದಿದವರಿಗೂ ಯೋಜನೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಹಾದಿ ಇದೆ. ಶಹಾಪುರ, ಸುರಪುರ ಕಡೆಯ ಪದವಿ ಕಾಲೇಜುಗಳ ಅಧ್ಯಾಪಕರು ಅಂತಿಮ ವರ್ಷದ ಹುಡುಗ ಹುಡುಗಿಯರಿಗೆ ಈ ಮಾತನ್ನು ತಿಳಿಸಲಿ.